ಕಾಡಂಚಿನ ಮಕ್ಕಳ ವಿದ್ಯಾಭ್ಯಾಸ: ಆಶ್ರಮ ಶಾಲೆ, ಸರ್ಕಾರದ ನೀತಿ ಮತ್ತು ಅನುದಾನ

ಪೀಠಿಕೆ

ಮೈಸೂರು ಜಿಲ್ಲೆಯ ಪಶ್ಚಿಮ ಹಾಗೂ ನೈಋತ್ಯ ಭಾಗದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಇವುಗಳಲ್ಲಿ ಕೃಷ್ಣರಾಜನಗರವು ಕಾವೇರಿಯ ನಾಲೆಗಳಿಂದ ಹಸಿರಾದ ಬಯಲು. ಉಳಿದ ಮೂರು ತಾಲ್ಲೂಕುಗಳು ನಾಗರಹೊಳೆಯ ಅರಣ್ಯದ ಸೆರಗಿನಲ್ಲಿವೆ. ಈ ಸೆರಗಿನ ಹಾಡಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮತ್ತು ಸೋಲಿಗ ಸಮುದಾಯಗಳು ನೆಲೆಸಿವೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. ಈ ಸಮುದಾಯಗಳ ಮಕ್ಕಳಿಗೆ ಅಕ್ಷರ ಕಲಿಸಲು ಸರ್ಕಾರವು ಪ್ರತ್ಯೇಕ ಶಾಲೆಗಳನ್ನು ಸ್ಥಾಪಿಸಿದೆ, ಪ್ರತ್ಯೇಕ ಅನುದಾನವನ್ನೂ ಒದಗಿಸುತ್ತಿದೆ. ಹೀಗಿದ್ದೂ ಹಾಡಿಯಿಂದ ಹೊರಟ ಮಗು ಕಾಲೇಜಿನ ಮೆಟ್ಟಿಲು ಹತ್ತುವುದು ಇಂದಿಗೂ ವಿರಳ. ಇದಕ್ಕೆ ಹಣದ ಕೊರತೆಯೊಂದೇ ಕಾರಣವೋ, ಅಥವಾ ಹಣವನ್ನು ಹಂಚುವ ಲೆಕ್ಕಾಚಾರದಲ್ಲಿಯೇ ದೋಷವಿದೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ನೀತಿಯ ಹಿನ್ನೆಲೆ

ಹಿಂದುಳಿದವರ ವಿದ್ಯಾಭ್ಯಾಸದ ಹೊಣೆಯನ್ನು ಪ್ರಭುತ್ವವೇ ಹೊರಬೇಕೆಂಬ ವಿಚಾರ ಮೈಸೂರಿಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಮಿಲ್ಲರ್ ಸಮಿತಿ ನೇಮಕವಾಯಿತು. ಆದರೆ ಆ ಸಮಿತಿಯ ಮುಖ್ಯ ಕಾಳಜಿ ಸರ್ಕಾರಿ ಸೇವೆಯಲ್ಲಿನ ಪ್ರಾತಿನಿಧ್ಯವಾಗಿತ್ತು. ಅರಣ್ಯವಾಸಿಗಳ ಪ್ರಶ್ನೆ ನೀತಿಯ ಮುಂಚೂಣಿಗೆ ಬಂದದ್ದು ಸ್ವಾತಂತ್ರ್ಯಾನಂತರವೇ. ದುರ್ಬಲ ವರ್ಗಗಳ, ವಿಶೇಷವಾಗಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗಗಳ ಶೈಕ್ಷಣಿಕ ಹಿತವನ್ನು ಕಾಯುವಂತೆ ಸಂವಿಧಾನದ 46ನೆಯ ವಿಧಿ ನಿರ್ದೇಶಿಸಿತು. 275(1)ನೆಯ ವಿಧಿಯು ಪರಿಶಿಷ್ಟ ವರ್ಗಗಳ ಕಲ್ಯಾಣಕ್ಕಾಗಿ ರಾಜ್ಯಗಳಿಗೆ ಕೇಂದ್ರದ ಅನುದಾನವನ್ನು ಕಲ್ಪಿಸಿತು. ಧೇಬರ್ ಆಯೋಗವು ಬುಡಕಟ್ಟುಗಳ ನಡುವೆಯೇ ಇರುವ ಅಂತರವನ್ನು ಗುರುತಿಸಿತು. ಐದನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಗಿರಿಜನ ಉಪಯೋಜನೆ ಜಾರಿಗೆ ಬಂದಿತು. ಅತಿ ಹಿಂದುಳಿದ ಬುಡಕಟ್ಟುಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡುವ ಕಾರ್ಯವೂ ಆಗಲೇ ಆರಂಭವಾಯಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿ ಸ್ಥಾನ ಪಡೆದ ಸಮುದಾಯಗಳು ಎರಡು: ಜೇನುಕುರುಬ ಮತ್ತು ಕೊರಗ.

ಇದೇ ಕಾಲಘಟ್ಟದಲ್ಲಿ ಅರಣ್ಯದ ನೀತಿಯೂ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಬೀಚನಹಳ್ಳಿಯಲ್ಲಿ ನಿರ್ಮಾಣಗೊಂಡ ಕಬಿನಿ ಜಲಾಶಯ, ನಾಗರಹೊಳೆ ರಾಷ್ಟ್ರೀಯ ಉದ್ಯಾನ ಇವೆಲ್ಲವೂ ಹಾಡಿಗಳನ್ನು ಕಾಡಿನಿಂದ ಹೊರಗೆ ಸರಿಸಿದವು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರ ರೂಪುಗೊಂಡಿತು. ಉಚ್ಚ ನ್ಯಾಯಾಲಯದ ಸೂಚನೆಯ ಮೇರೆಗೆ ರಚಿತವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿಯು 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ಸ್ಥಳಾಂತರಗೊಂಡ 3,418 ಕುಟುಂಬಗಳನ್ನು ಗುರುತಿಸಿತು. ಹೀಗೆ ಶಾಲೆ ಮತ್ತು ಒಕ್ಕಲೆಬ್ಬಿಸುವಿಕೆ ಇವೆರಡೂ ಹಾಡಿಯ ಬದುಕಿನೊಳಗೆ ಒಟ್ಟೊಟ್ಟಿಗೇ ಪ್ರವೇಶಿಸಿದವು.

ಆಶ್ರಮ ಶಾಲೆಯ ಸ್ವರೂಪ

ಆಶ್ರಮ ಶಾಲೆಯು ವಸತಿಸಹಿತ ಶಾಲೆ. ಊಟ, ಬಟ್ಟೆ, ಪುಸ್ತಕ, ವಸತಿ ಎಲ್ಲವನ್ನೂ ಸರ್ಕಾರವೇ ಭರಿಸುತ್ತದೆ. ಹಾಡಿಯ ಅನೇಕ ಕುಟುಂಬಗಳು ಕಾಫಿಯ ಹಂಗಾಮಿನಲ್ಲಿ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತವೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಾಗ ಮಗುವೂ ತಂದೆತಾಯಿಯರ ಜೊತೆ ಹೊರಡುತ್ತದೆ, ಶಾಲೆ ತಪ್ಪುತ್ತದೆ. ಈ ಸ್ಥಿತಿಗೆ ವಸತಿಶಾಲೆಯೇ ಸಹಜವಾದ ಉತ್ತರ. ಗಿರಿಜನ ಉಪಯೋಜನಾ ಪ್ರದೇಶಗಳಲ್ಲಿ ಆಶ್ರಮ ಶಾಲೆಗಳ ಕಟ್ಟಡಕ್ಕಾಗಿ 1990-91ರಿಂದ ಕೇಂದ್ರ ಪುರಸ್ಕೃತ ಯೋಜನೆಯೂ ಜಾರಿಯಲ್ಲಿತ್ತು.

ಆದರೆ ಈ ವ್ಯವಸ್ಥೆಯಲ್ಲಿ ಮೂರು ಕೊರತೆಗಳನ್ನು ಗುರುತಿಸಬಹುದು. ಮೊದಲನೆಯದು, ಬಹುಪಾಲು ಆಶ್ರಮ ಶಾಲೆಗಳು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತವೆ. ಮುಂದಿನ ತರಗತಿಗಾಗಿ ಮಗು ಅಪರಿಚಿತವಾದ ಊರಿನ ಶಾಲೆಗೆ, ಅಪರಿಚಿತ ಸಹಪಾಠಿಗಳ ನಡುವೆ ಹೋಗಬೇಕಾಗುತ್ತದೆ. ಓದು ಕಡಿದುಹೋಗುವುದು ಹೆಚ್ಚಾಗಿ ಈ ಸಂಧಿಯಲ್ಲಿಯೇ. ಎರಡನೆಯದು, ಈ ಶಾಲೆಗಳು ಶಿಕ್ಷಣ ಇಲಾಖೆಗೆ ಸೇರದೆ ಕಲ್ಯಾಣ ಇಲಾಖೆಗೆ ಸೇರಿವೆ. ಕಾಯಂ ಶಿಕ್ಷಕರ ಸ್ಥಾನದಲ್ಲಿ ಅತಿಥಿ ಶಿಕ್ಷಕರನ್ನು ಅವಲಂಬಿಸುವುದು ರೂಢಿಯಾಗಿದೆ. ಮೂರನೆಯದು ಭಾಷೆ. ಜೇನುಕುರುಬರ ನುಡಿಗೂ ಪಠ್ಯಪುಸ್ತಕದ ಕನ್ನಡಕ್ಕೂ ಅಂತರವಿದೆ. ಯರವರ ನುಡಿ ಇನ್ನೂ ದೂರದ್ದು, ಹಕ್ಕಿಪಿಕ್ಕಿಗಳ ವಾಗ್ರಿಯಂತೂ ದ್ರಾವಿಡ ವರ್ಗಕ್ಕೇ ಸೇರಿದ್ದಲ್ಲ. ಮೊದಲ ದಿನವೇ ಮಗು ತನ್ನ ಮಾತನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರಬೇಕಾಗುತ್ತದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುತ್ತ ಬಂದಿರುವ ಗಿರಿಜನ ಶಾಲೆಯು ಸರ್ಕಾರೇತರ ಪ್ರಯತ್ನಗಳಲ್ಲಿ ಉಲ್ಲೇಖಾರ್ಹವಾದುದು. ಅದೇ ತಾಲ್ಲೂಕಿನ ಸೊಳ್ಳೇಪುರದಲ್ಲಿ ಏಕಲವ್ಯ ಮಾದರಿ ವಸತಿ ಶಾಲೆಯಿದೆ. 1997-98ರಲ್ಲಿ ಆರಂಭವಾದ ಏಕಲವ್ಯ ಯೋಜನೆಯು ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಶಿಕ್ಷಣವನ್ನು ಉದ್ದೇಶಿಸಿದ್ದು, ಮೇಲೆ ಹೇಳಿದ ಸಂಧಿಯನ್ನು ದಾಟಿಸಬಲ್ಲದು. ಆದರೆ 2018ರಲ್ಲಿ ಯೋಜನೆಯನ್ನು ವಿಸ್ತರಿಸಿದಾಗ, ಪರಿಶಿಷ್ಟ ವರ್ಗದವರು ಶೇ. 50ಕ್ಕಿಂತ ಹೆಚ್ಚಾಗಿರುವ ಮತ್ತು ಕನಿಷ್ಠ 20,000 ಸಂಖ್ಯೆಯಲ್ಲಿರುವ ತಾಲ್ಲೂಕು ಎಂಬ ಅಳತೆಗೋಲನ್ನು ಇಡಲಾಯಿತು. ಪ್ರಸ್ತುತ ನಾಲ್ಕು ತಾಲ್ಲೂಕುಗಳಲ್ಲಿ ಯಾವುದೂ ಈ ಅಳತೆಗೆ ನಿಲ್ಲುವುದಿಲ್ಲ. ಚದುರಿದ ಹಾಡಿಗಳಲ್ಲಿ ಬದುಕುವ ಸಣ್ಣ ಬುಡಕಟ್ಟು ಎಲ್ಲಿಯೂ ಬಹುಸಂಖ್ಯಾತವಾಗಲಾರದು.

ಅನುದಾನದ ಲೆಕ್ಕ

ಕರ್ನಾಟಕವು 2013ರಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆಯ ಕಾಯಿದೆಯನ್ನು ಜಾರಿಗೊಳಿಸಿ, ಜನಸಂಖ್ಯೆಯ ಪ್ರಮಾಣಕ್ಕೆ ಅನುಗುಣವಾಗಿ ಹಣವನ್ನು ಮೀಸಲಿಡುವುದನ್ನು ಕಾನೂನಿನ ಕರ್ತವ್ಯವನ್ನಾಗಿಸಿತು. ಇದು ಮಹತ್ವದ ಹೆಜ್ಜೆ. ಆದರೂ ಸಾರ್ವಜನಿಕ ಕಾಮಗಾರಿಯ ವೆಚ್ಚದ ಒಂದು ಭಾಗವನ್ನು ಈ ಸಮುದಾಯಗಳಿಗೆ ಆದ ವೆಚ್ಚವೆಂದು ಪರಿಭಾವಿಸಲು ಅವಕಾಶ ನೀಡುತ್ತಿದ್ದ 7(ಡಿ) ಉಪಬಂಧವು ಹತ್ತು ವರ್ಷ ಉಳಿದುಕೊಂಡಿತ್ತು. ಅದನ್ನು 2023ರಲ್ಲಿ ಕೈಬಿಡಲಾಯಿತು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. 2011ರ ಜನಗಣತಿಯಂತೆ ರಾಜ್ಯದ ಪರಿಶಿಷ್ಟ ವರ್ಗಗಳ ಜನಸಂಖ್ಯೆ ಸುಮಾರು 42.5 ಲಕ್ಷ. ಇದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವರು ನಾಯಕ ಸಮುದಾಯದವರು. ಜೇನುಕುರುಬರು ಸುಮಾರು 36,000, ಅಂದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ನಾಯಕ ಸಮುದಾಯದ ಹಕ್ಕನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಅಕ್ಷರದ ಪರಂಪರೆಯುಳ್ಳ ದೊಡ್ಡ ಸಮುದಾಯ ಮತ್ತು ಮೊದಲ ತಲೆಮಾರಿನಲ್ಲಿ ಓದುತ್ತಿರುವ ಸಣ್ಣ ಸಮುದಾಯ ಒಂದೇ ತಲೆಬರಹದಡಿ ಬಂದಾಗ ಸೀಟು, ಹಾಸ್ಟೆಲು, ಹುದ್ದೆ ಎಲ್ಲವೂ ಸಹಜವಾಗಿ ಮೊದಲನೆಯದರ ಪಾಲಾಗುತ್ತವೆ ಎಂಬುದಷ್ಟೇ ಇಲ್ಲಿನ ಅಭಿಪ್ರಾಯ. ಪರಿಶಿಷ್ಟ ವರ್ಗದ ಮೀಸಲಾತಿ 2022ರಲ್ಲಿ ಶೇ. 3ರಿಂದ ಶೇ. 7ಕ್ಕೆ ಏರಿದಾಗಲೂ ಈ ಒಳಪ್ರಶ್ನೆ ಹಾಗೆಯೇ ಉಳಿಯಿತು.

ಎರಡು ಹೋಲಿಕೆಗಳು

ಹೋಲಿಕೆಯೊಂದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ದೊರೆಯುತ್ತದೆ. ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಗೊಂಡರು. ಅವರ ಮಕ್ಕಳಿಗಾಗಿ ಭಾರತ ಸರ್ಕಾರವು 1961ರಲ್ಲಿಯೇ ಶಿಕ್ಷಣ ಮಂತ್ರಾಲಯದ ಅಡಿಯಲ್ಲಿ ಸ್ವಾಯತ್ತ ಆಡಳಿತ ಸಂಸ್ಥೆಯೊಂದನ್ನು ರಚಿಸಿತು. ಶಾಲೆಯಲ್ಲಿ ಅವರ ಭಾಷೆಗೆ ಸ್ಥಾನ ದೊರೆಯಿತು. ಕಾಲಕ್ರಮದಲ್ಲಿ ಅನೇಕ ಶಾಲೆಗಳು ಆ ಸಮುದಾಯದ ಆಡಳಿತಕ್ಕೇ ವರ್ಗವಾದವು. ಕೆಲವೇ ಮೈಲಿಗಳಾಚೆಯ ಹಾಡಿಯ ಮಗುವಿಗೆ ಕಟ್ಟಡ ಮತ್ತು ಊಟ ದೊರೆತವು, ಸಂಸ್ಥೆ ದೊರೆಯಲಿಲ್ಲ.

ಇನ್ನೊಂದು ಹೋಲಿಕೆ ಅಮೆರಿಕದ ಕಪ್ಪು ಜನಾಂಗದ ಕಾಲೇಜುಗಳದು. 1890ರ ಕಾಯಿದೆಯು ವರ್ಣಭೇದ ಪಾಲಿಸುವ ರಾಜ್ಯಗಳು ಅನುದಾನವನ್ನು ನ್ಯಾಯಯುತವಾಗಿ ಹಂಚಬೇಕೆಂದು ವಿಧಿಸಿತು. 1965ರ ಉನ್ನತ ಶಿಕ್ಷಣ ಕಾಯಿದೆಯು 1964ಕ್ಕೆ ಮುನ್ನ ಸ್ಥಾಪಿತವಾಗಿದ್ದ ಇಂತಹ ಕಾಲೇಜುಗಳನ್ನು ಹೆಸರಿಟ್ಟು ಗುರುತಿಸಿ ನೆರವು ನೀಡಿತು. ಆದರೂ 1987ರಿಂದ 2020ರವರೆಗೆ 16 ರಾಜ್ಯಗಳು ತಮ್ಮಲ್ಲಿನ ಇಂತಹ ಭೂ-ಅನುದಾನಿತ ಕಾಲೇಜುಗಳಿಗೆ ಒಟ್ಟು 1,200 ಕೋಟಿ ಡಾಲರಿಗೂ ಮಿಗಿಲಾದ ಹಣವನ್ನು ಕಡಿಮೆ ಕೊಟ್ಟಿವೆಯೆಂದು ಅಲ್ಲಿನ ಕೇಂದ್ರ ಸರ್ಕಾರವೇ 2023ರಲ್ಲಿ ರಾಜ್ಯಪಾಲರಿಗೆ ಪತ್ರ ಬರೆಯಬೇಕಾಯಿತು. ಕಾನೂನಿನಲ್ಲಿ ಸಮಾನತೆ ಇದ್ದರೂ ಲೆಕ್ಕಪತ್ರದಲ್ಲಿ ಅದು ಸೋರಿಹೋಗಬಹುದು ಎಂಬುದಕ್ಕೆ ಇದು ನಿದರ್ಶನ. ಅಷ್ಟಾಗಿಯೂ ಆ ಕಾಲೇಜುಗಳು ತಮ್ಮ ಸಮುದಾಯದ ಶಿಕ್ಷಕರನ್ನು, ವೈದ್ಯರನ್ನು, ವಕೀಲರನ್ನು ತಾವೇ ರೂಪಿಸಿದವು. ಕೊರತೆಯನ್ನು ಎಣಿಸಿ ಕೇಳಬಲ್ಲ ದನಿಯೂ ಅಲ್ಲಿಂದಲೇ ಮೂಡಿತು.

ಉಪಸಂಹಾರ

2023ರ ನವೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಜನಮನ್ ಯೋಜನೆಯು ದೇಶದ 75 ದುರ್ಬಲ ಬುಡಕಟ್ಟುಗಳಿಗೆ ಮನೆ, ರಸ್ತೆ, ವಿದ್ಯಾರ್ಥಿನಿಲಯ ಮುಂತಾದುವನ್ನು ಒಳಗೊಂಡಿದೆ. ಸಣ್ಣ ಸಮುದಾಯವನ್ನು ಪ್ರತ್ಯೇಕವಾಗಿ ಎಣಿಸುವ ಈ ಕ್ರಮ ಸ್ವಾಗತಾರ್ಹ. ಆದರೆ ವಿದ್ಯಾರ್ಥಿನಿಲಯವು ಶಾಲೆಯಲ್ಲ, ಶಾಲೆಯ ಕಟ್ಟಡವು ಶಿಕ್ಷಕನಲ್ಲ. ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಎಡೆಬಿಡದ ಶಾಲಾಕ್ರಮ, ಹಾಡಿಯ ನುಡಿ ಬಲ್ಲ ಕಾಯಂ ಶಿಕ್ಷಕರು, ಪರಿಶಿಷ್ಟ ವರ್ಗದೊಳಗೆ ಸಣ್ಣ ಬುಡಕಟ್ಟುಗಳಿಗೆ ಪ್ರತ್ಯೇಕ ಪಾಲು, ಶಾಲೆಯ ಆಡಳಿತದಲ್ಲಿ ಹಾಡಿಯ ಹಿರಿಯರಿಗೆ ಸ್ಥಾನ ಇವು ನಾಲ್ಕೂ ಕೂಡಿದಾಗ ಮಾತ್ರ ಅನುದಾನವು ವಿದ್ಯೆಯಾಗಿ ಪರಿಣಮಿಸೀತು. ಆಶ್ರಮ ಶಾಲೆಯಲ್ಲಿ ಓದಿದ ಜೇನುಕುರುಬರ ಮಗಳು ಅದೇ ಶಾಲೆಗೆ ಕಾಯಂ ಶಿಕ್ಷಕಿಯಾಗಿ ಮರಳುವುದು ಸಾಮಾನ್ಯ ಸಂಗತಿಯಾದ ದಿನ ಈ ನೀತಿಯು ಸಾರ್ಥಕಗೊಂಡಿತೆಂದು ಹೇಳಬಹುದು.