ಹಳೇ ಕಂಪ್ಯೂಟರಿಗೆ ಯಾವ ಅಡಾಪ್ಟರ್?

ಚಿಕ್ಕಪ್ಪನ ಬೀರುವಿನಲ್ಲಿ 1982ರ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಸಿಕ್ಕಿತಂತೆ, ಅಡಾಪ್ಟರ್ ಮಾತ್ರ ನಾಪತ್ತೆ. ಕೈಯಲ್ಲಿರುವುದು ವೈಫೈ ರೌಟರಿನದು, 9 ವೋಲ್ಟ್, 2 ಆಂಪಿಯರ್. ‘ಅದನ್ನೇ ಹಚ್ಚಿದರೆ ಆಂಪಿಯರ್ ಜಾಸ್ತಿಯಾಗಿ ಸುಟ್ಟುಹೋಗಲ್ವಾ ಸಾರ್?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಈ ಆಂಪಿಯರ್ ಭೂತವನ್ನು ಮೊದಲು ಬಿಡಿಸೋಣ. ಮದುವೆಮನೆಯಲ್ಲಿ ಹಂಡೆ ತುಂಬ ಸಾರಿದ್ದರೂ ನಿಮ್ಮ ಎಲೆಗೆ ಬೀಳುವುದು ನೀವು ಬಡಿಸಿಕೊಂಡಷ್ಟೇ. ಸ್ಪೆಕ್ಟ್ರಮ್ಮಿನ ಮೂಲ ಅಡಾಪ್ಟರ್ 9 ವೋಲ್ಟ್, 1.4 ಆಂಪಿಯರಿನದು; 2 ಇರಲಿ, 5 ಇರಲಿ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಾದರೇ ತೊಂದರೆ.

ಹೆದರಬೇಕಾದದ್ದು ಪ್ಲಸ್–ಮೈನಸ್ಸಿಗೆ. ಇಂದಿನ ಬಹುಪಾಲು ಅಡಾಪ್ಟರುಗಳ ಪಿನ್ನಿನ ನಡುವೆ ಪ್ಲಸ್. ಸ್ಪೆಕ್ಟ್ರಮ್ಮಿಗೆ ನಡುವೆ ಮೈನಸ್ ಬೇಕು. ತಿರುಗುಮುರುಗಾದರೆ ತಡೆಯಲು ಒಳಗೆ ಒಂದು ಡಯೋಡನ್ನೂ ಇಟ್ಟಿಲ್ಲ, ಪುಣ್ಯಾತ್ಮರು! ಒಳಗಿನ 4116 ಮೆಮೊರಿ ಚಿಪ್ಪುಗಳಿಗೆ 5, 12 ಮತ್ತು ಮೈನಸ್ 5 ಹೀಗೆ ಮೂರು ವೋಲ್ಟೇಜು ಬೇಕು. ಉಲ್ಟಾ ಕರೆಂಟಿಗೆ ಅವನ್ನು ತಯಾರಿಸುವ ಸರ್ಕ್ಯೂಟ್ ಕೆಟ್ಟು, 12 ಉಳಿದು ಮೈನಸ್ 5 ಹೋಯಿತೋ, ಚಿಪ್ಪುಗಳು ಸತ್ತವೆಂದೇ ಲೆಕ್ಕ.

ಅದೇ ವರ್ಷದ ಕಮೊಡೋರ್ 64ರ ಕತೆ ಇನ್ನೂ ಸೊಗಸು. ಅದಕ್ಕೆ 5 ವೋಲ್ಟ್ ಡಿಸಿಯ ಜೊತೆಗೆ 9 ವೋಲ್ಟ್ ಎಸಿಯೂ ಬೇಕು. ಕಂಪ್ಯೂಟರಿಗೆ ಎಸಿ ಯಾಕೆ? ಹಳೆಯ ಮಾದರಿಗಳಲ್ಲಿ ಸದ್ದು ಹೊರಡಿಸುವ ಚಿಪ್ಪಿನ 12 ವೋಲ್ಟ್ ಅದರಿಂದಲೇ ಹುಟ್ಟುತ್ತದೆ. ಅದಕ್ಕಿಂತ ಮಜಾ, ಒಳಗಿನ ಸಿಐಎ ಎಂಬ ಎರಡು ಚಿಪ್ಪುಗಳ ಗಡಿಯಾರಗಳು ಮೇನ್ಸ್ ಕರೆಂಟಿನ ಏರಿಳಿತವನ್ನೇ ಎಣಿಸಿ ಹೊತ್ತು ಲೆಕ್ಕ ಹಾಕುತ್ತವೆ! ಅಮೆರಿಕದಲ್ಲಿ ಸೆಕೆಂಡಿಗೆ 60, ನಮ್ಮಲ್ಲಿ 50. ಬೆಂಗಳೂರಿನಲ್ಲಿ ಹಚ್ಚಿದರೆ ಬೆಸ್ಕಾಂ ಕರೆಂಟೇ ಅದರ ಗಡಿಯಾರಕ್ಕೆ ಕೀಲಿ ಕೊಡುತ್ತದೆ. 9 ವೋಲ್ಟ್ ಡಿಸಿ ಕೊಟ್ಟರೆ ಗಡಿಯಾರ ನಿಂತೇಹೋಗುತ್ತದೆ.

‘ಒರಿಜಿನಲ್ಲೇ ಶ್ರೇಷ್ಠ’ ಎನ್ನುವವರಿಗೂ ಒಂದು ಮಾತು. ಕಮೊಡೋರಿನ ಹಳೇ ಅಡಾಪ್ಟರನ್ನು ಎಪಾಕ್ಸಿ ಸುರಿದು ಮುಚ್ಚಿದ್ದರು. ಬಿಸಿ ಹೊರಹೋಗದೆ ರೆಗ್ಯುಲೇಟರ್ ಕೆಡುತ್ತದೆ, 5 ವೋಲ್ಟ್ ಮೇಲೇರಿ ಮೆಮೊರಿ ಚಿಪ್ಪುಗಳನ್ನು ಸುಡುತ್ತದೆ. ಸ್ಪೆಕ್ಟ್ರಮ್ಮಿಗೂ ಹೊಸ ಸ್ವಿಚ್‌ಮೋಡ್ ಅಡಾಪ್ಟರೇ ವಾಸಿ: ಹಳೆಯದರ ವೋಲ್ಟೇಜು 9ಕ್ಕೆ ಕಟ್ಟುಬೀಳದೆ ಹೆಚ್ಚೇ ಇರುತ್ತಿತ್ತು, ಆ ಹೆಚ್ಚುವರಿಯೆಲ್ಲ ಒಳಗಿನ 7805 ರೆಗ್ಯುಲೇಟರಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು.

ಹಾಗಾಗಿ ಓದುಗರೇ, ರೌಟರ್ ಅಡಾಪ್ಟರಿನ 2 ಆಂಪಿಯರ್ ಸರಿಯೇ, ಪಿನ್ ಮಾತ್ರ ಬಹುಶಃ ಉಲ್ಟಾ. ತಂತಿ ಅದಲುಬದಲು ಮಾಡಿಸಿ, ಮಲ್ಟಿಮೀಟರಿನಲ್ಲಿ ನಡುಪಿನ್ ಮೈನಸ್ ಎಂದು ಖಚಿತಪಡಿಸಿಕೊಂಡ ಮೇಲೆಯೇ ಸ್ಪೆಕ್ಟ್ರಮ್ಮಿಗೆ ಚುಚ್ಚಿ.