ಅಡಿಗರೂ ರಾಜಕೀಯವೂ

ಕವಿಗೆ ರಾಜಕೀಯವೇಕೆ ಎಂದು ಕೇಳುವವರುಂಟು. ಅವನು ಪಕ್ಷವನ್ನು ಬದಲಿಸಿದನೆಂದರಂತೂ ಆಕ್ಷೇಪಣೆ ಇಮ್ಮಡಿಯಾಗುತ್ತದೆ. ಫ್ರಾನ್ಸಿನ ಲೂಯಿ ಅರಗಾನ್ ಕಮ್ಯೂನಿಸ್ಟ್ ಪಕ್ಷವನ್ನು ಸೇರಿ ಕೊನೆಯವರೆಗೂ ಅದರಲ್ಲಿಯೇ ಉಳಿದ. ಆದರೂ 1968ರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯಕ್ಕೆ ನುಗ್ಗಿದುದನ್ನು ಬಹಿರಂಗವಾಗಿ ಖಂಡಿಸಿದ. ನಮ್ಮ ಎಂ. ಗೋಪಾಲಕೃಷ್ಣ ಅಡಿಗರ ಹಾದಿ ಬೇರೆ ಬಗೆಯದು.

ಅಡಿಗರು 1918ರಲ್ಲಿ ಕುಂದಾಪುರ ಸೀಮೆಯ ಮೊಗೇರಿಯಲ್ಲಿ ಜನಿಸಿದರು. ‘ಕಟ್ಟುವೆವು ನಾವು’ ಎಂಬ ಅವರ ಕವಿತೆಯಲ್ಲಿ ಹೊಸ ನಾಡಿನ ಕನಸಿತ್ತು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಆ ಕನಸು ಮಸಕಾಯಿತು. 1954ರ ‘ಚಂಡೆಮದ್ದಳೆ’ಯಲ್ಲಿ ಭರವಸೆಯ ಸ್ಥಾನದಲ್ಲಿ ವ್ಯಂಗ್ಯವೂ ವಿಷಾದವೂ ಬಂದು ಕುಳಿತವು. ‘ನೆಹರೂ ನಿವೃತ್ತರಾಗುವುದಿಲ್ಲ’ ಎಂಬ ಕವಿತೆ ದೇಶದ ಅತ್ಯುನ್ನತ ನಾಯಕನನ್ನೇ ಪ್ರಶ್ನಿಸಿತು.

ಇದೇ ಕಾಲದಲ್ಲಿ ಲೋಹಿಯಾ ಅವರ ವಿಚಾರಗಳು ಅಡಿಗರನ್ನು ಸೆಳೆದವು. 1964ರಲ್ಲಿ ಅವರು ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿ ಬಂದರು. ಶಿವಮೊಗ್ಗದ ರವೀಂದ್ರನಗರದಲ್ಲಿರುವ ನಮಗೆ ಸಾಗರ ದೂರದ ಊರಲ್ಲ. 1951ರ ಕಾಗೋಡು ಸತ್ಯಾಗ್ರಹದ ನೆಲವೂ ಅದೇ. ಆ ಹೋರಾಟದ ಮುಂದಾಳು, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಅಡಿಗರ ಕಾವ್ಯದ ಅಭಿಮಾನಿಗಳಾಗಿದ್ದರು.

ಹೀಗಿರುವಾಗ ಅಡಿಗರು 1971ರ ಲೋಕಸಭಾ ಚುನಾವಣೆಯಲ್ಲಿ ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ಸ್ಪರ್ಧಿಸಿ ಸೋತರು. ಇದು ಅವರ ಕಾವ್ಯವನ್ನು ಮೆಚ್ಚಿದ ಹಲವರಿಗೆ ಒಗಟಾಯಿತು. ಆದರೆ ಆ ವರ್ಷ ಇಂದಿರಾ ಗಾಂಧಿಯವರ ವಿರುದ್ಧ ರಚನೆಯಾದ ಮಹಾಮೈತ್ರಿಯಲ್ಲಿ ಜನಸಂಘದೊಡನೆ ಸಂಯುಕ್ತ ಸಮಾಜವಾದಿ ಪಕ್ಷವೂ ಇದ್ದಿತೆಂಬುದನ್ನು ನೆನೆದರೆ ಒಗಟು ಸ್ವಲ್ಪ ಸಡಿಲವಾಗುತ್ತದೆ. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಅಡಿಗರು ಮೌನ ತಾಳದೆ ಅದನ್ನು ವಿರೋಧಿಸಿ ಕವಿತೆ ಬರೆದರು.

ಹಾಗಾದರೆ ಅವರಲ್ಲಿ ಬದಲಾದುದೇನು, ಉಳಿದುದೇನು? ಜೊತೆಗಾರರು ಬದಲಾದರು, ಅಧಿಕಾರದಲ್ಲಿರುವವರನ್ನು ಸಂಶಯದಿಂದ ನೋಡುವ ಕಣ್ಣು ಬದಲಾಗಲಿಲ್ಲ. ಇಷ್ಟರಿಂದಲೇ ಅವರ ಎಲ್ಲ ಆಯ್ಕೆಗಳೂ ಸರಿಯೆಂದು ಸಿದ್ಧವಾಗುವುದಿಲ್ಲ. ಒಂದು ಪಕ್ಷದ ನೆರವನ್ನು ಪಡೆದವನು ಅದರ ವಿಚಾರಗಳಿಗೂ ಸ್ವಲ್ಪಮಟ್ಟಿಗೆ ಹೊಣೆಯಾಗುತ್ತಾನೆ. ಆ ಪ್ರಶ್ನೆಯನ್ನು ಓದುಗರು ಕೇಳಬಹುದು, ಕೇಳಲೂಬೇಕು. ಆದರೆ ಉತ್ತರವನ್ನು ಚುನಾವಣೆಯ ಲೆಕ್ಕದಲ್ಲಿ ಮಾತ್ರ ಹುಡುಕದೆ, 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ವರ್ಧಮಾನ’ದಂತಹ ಸಂಕಲನಗಳಲ್ಲಿಯೂ ಹುಡುಕುವುದು ನ್ಯಾಯ. ಅಡಿಗರು 1992ರಲ್ಲಿ ತೀರಿಕೊಂಡರು. ಅವರು ಎತ್ತಿದ ಪ್ರಶ್ನೆಗಳಿಗೆ ಇನ್ನೂ ವಯಸ್ಸಾಗಿಲ್ಲ.