ಗಾಲಿಕುರ್ಚಿಯ ಎತ್ತರಕ್ಕೆ ಮೋಟಾರು ಪಂದ್ಯದ ಮೇಜು

ನಮ್ಮ ಉಚಿತ ವಾಚನಾಲಯಕ್ಕೆ ಪ್ರತಿ ಭಾನುವಾರವೂ ತಪ್ಪದೆ ಬಂದು ಊರ ಕಡೆಯ ಪತ್ರಿಕೆಗಳನ್ನು ಓದುವ ಹಿರಿಯರೊಬ್ಬರಿದ್ದಾರೆ. ಟಾಲಿಗಂಜಿನ ಹಳೆಯ ಮನೆಯೊಂದರಲ್ಲಿ ಅವರ ವಾಸ. ಅವರ ಮೊಮ್ಮಗನಿಗೆ ಈಗ ಹದಿಮೂರು ವರ್ಷ. ಹುಟ್ಟಿದಂದಿನಿಂದಲೂ ಅವನಿಗೆ ಕಾಲುಗಳಲ್ಲಿ ಸ್ವಾಧೀನವಿಲ್ಲ; ಬೆರಳುಗಳಲ್ಲಿಯೂ ಬಲ ಸ್ವಲ್ಪ ಕಡಿಮೆ. ಬುದ್ಧಿಗೆ, ಮಾತಿಗೆ, ಹಟಕ್ಕೆ ಯಾವ ಕೊರತೆಯೂ ಇಲ್ಲ. ಹೋದ ವರ್ಷ ಆ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, "ನೋಡಪ್ಪ, ಹುಡುಗನಿಗೆ ಯಾರೋ ಸ್ಲಾಟ್ ಕಾರಿನ ಪೆಟ್ಟಿಗೆ ಕೊಟ್ಟಿದ್ದಾರೆ. ನೆಲದ ಮೇಲೆ ಹರಡಿ ಆಡುವ ಆಟ. ಇವನು ಕುರ್ಚಿಯಿಂದ ಇಳಿಯುವ ಹಾಗಿಲ್ಲ. ಗ್ಯಾರೇಜು ಖಾಲಿ ಇದೆ, ಏನಾದರೂ ಮಾಡಬಹುದೇ?" ಎಂದು ಕೇಳಿದರು. ನಾನು ಎಂಜಿನಿಯರನಲ್ಲ, ಮಿಲ್ಲಿನ ಗುಮಾಸ್ತ. ಆದರೂ ಅಳತೆಪಟ್ಟಿ ಹಿಡಿದು ಹೊರಟೆ. ಆ ಕೆಲಸದಲ್ಲಿ ಕಲಿತದ್ದು ಇನ್ನೊಂದು ಮನೆಗೆ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆದಿದ್ದೇನೆ.

ಮೊದಲು ಈ ಆಟವೆಂದರೇನು ಎಂಬುದನ್ನು ತಿಳಿಸಬೇಕು. ಹಲಗೆಯ ಮೇಲೆ ಉದ್ದಕ್ಕೂ ಒಂದು ಸಣ್ಣ ಸೀಳು ಇರುತ್ತದೆ. ಆಟದ ಕಾರಿನ ಹೊಟ್ಟೆಯ ಕೆಳಗಿರುವ ನಾಲಿಗೆಯಂಥ ತುಂಡು ಆ ಸೀಳಿನೊಳಗೆ ಇಳಿದು ಕಾರಿಗೆ ದಾರಿ ತೋರಿಸುತ್ತದೆ. ಸೀಳಿನ ಎರಡು ಮಗ್ಗುಲಿಗೂ ಲೋಹದ ಪಟ್ಟಿಗಳು. ಕಾರಿನಡಿಯ ಹೆಣೆದ ತಂತಿಯ ಕುಚ್ಚುಗಳೆರಡು ಆ ಪಟ್ಟಿಗಳನ್ನು ಸವರುತ್ತ ವಿದ್ಯುತ್ತನ್ನು ಒಳಗಿನ ಪುಟ್ಟ ಮೋಟಾರಿಗೆ ಒಯ್ಯುತ್ತವೆ. ನಮ್ಮ ಟಾಲಿಗಂಜಿನ ಟ್ರಾಮುಗಾಡಿ ತಲೆಯ ಮೇಲಿನ ತಂತಿಯಿಂದ ಪಡೆಯುತ್ತಿದ್ದ ವಿದ್ಯುತ್ತನ್ನು ಈ ಕಾರು ಕಾಲ ಕೆಳಗಿನಿಂದ ಪಡೆಯುತ್ತದೆ ಎಂದುಕೊಂಡರೆ ಸಾಕು. ಆಟಗಾರನ ಕೈಯಲ್ಲಿ ಒಂದು ಕಂಟ್ರೋಲರ್. ಒತ್ತಿದಷ್ಟೂ ವೇಗ ಹೆಚ್ಚು. ಚುಕ್ಕಾಣಿ ತಿರುಗಿಸುವ ಕೆಲಸವಿಲ್ಲ. ತಿರುವಿನಲ್ಲಿ ವೇಗ ತಗ್ಗಿಸುವುದೇ ಆಟದ ಮರ್ಮ. ತಗ್ಗಿಸದಿದ್ದರೆ ಕಾರು ಸೀಳಿನಿಂದ ಹಾರಿ ಬೀಳುತ್ತದೆ. ಅದನ್ನು ಯಾರಾದರೂ ಎತ್ತಿ ಮತ್ತೆ ಸೀಳಿಗೆ ಕೂರಿಸಬೇಕು. ಈ ಕೊನೆಯ ಮಾತನ್ನು ವಾಚಕರು ನೆನಪಿಡಬೇಕೆಂದು ಪ್ರಾರ್ಥನೆ, ಮುಂದೆ ಬೇಕಾಗುತ್ತದೆ.

ಈ ಆಟವನ್ನು ಮನೆಮಾತಾಗಿಸಿದವರು ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬವರು. ಅವರ ಕಾರ್ಖಾನೆ ೧೯೫೨ರಲ್ಲಿ 'ಸ್ಕೇಲೆಕ್ಸ್' ಎಂಬ ಸ್ಪ್ರಿಂಗಿನ ಬಲದಿಂದ ಓಡುವ ತಗಡಿನ ಕಾರುಗಳನ್ನು ಹೊರತಂದಿತು. ಅದಕ್ಕೆ ವಿದ್ಯುತ್ತನ್ನು ಕೂಡಿಸಿ ೧೯೫೭ರಲ್ಲಿ 'ಸ್ಕೇಲೆಕ್ಸ್‌ಟ್ರಿಕ್' ಎಂದು ಹೆಸರಿಟ್ಟರು. ಈ ಬಗೆಯ ಕಾರು ಸಾಮಾನ್ಯವಾಗಿ ನಿಜವಾದ ಕಾರಿನ ಮೂವತ್ತೆರಡರಲ್ಲಿ ಒಂದು ಪಾಲು ಅಳತೆಯದು. ಆ ಮನೆಯ ಗ್ಯಾರೇಜಿನಲ್ಲಿ ಹಿಂದೆ ಒಂದು ಅಂಬಾಸಡರ್ ನಿಲ್ಲುತ್ತಿತ್ತಂತೆ. ಇಲ್ಲೇ ಸಮೀಪದ ಉತ್ತರಪಾಡಾದಲ್ಲಿ ತಯಾರಾಗಿ ೨೦೧೪ರಲ್ಲಿ ನಿಂತುಹೋದ ಆ ಕಾರಿನ ಉದ್ದ ಸುಮಾರು ಹದಿನಾಲ್ಕು ಅಡಿ. ಅದನ್ನು ಮೂವತ್ತೆರಡರಿಂದ ಭಾಗಿಸಿದರೆ ಐದೂಕಾಲು ಅಂಗುಲ, ಅಂದರೆ ಅಂಗೈ ಮೇಲೆ ಕೂರುವ ಗಾತ್ರ.

ಇನ್ನು ಕೆಲಸದ ವಿಷಯ. ಗಾಲಿಕುರ್ಚಿಯವರಿಗಾಗಿ ಏನನ್ನೇ ಮಾಡುವಾಗಲೂ ವಸ್ತುವನ್ನು ಮಾಡಿ ಆಮೇಲೆ ಮನುಷ್ಯನನ್ನು ಹೊಂದಿಸುವುದು ತಪ್ಪು. ಮೊದಲು ಮನುಷ್ಯನನ್ನು ಅಳೆಯತಕ್ಕದ್ದು. ಈ ಬುದ್ಧಿ ನನಗೆ ಮೊದಲಿಗೆ ಬರಲಿಲ್ಲ. ಪ್ಲೈವುಡ್ ಹಲಗೆ ಅಂಗಡಿಯಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲಕ್ಕೆ ಸಿಗುತ್ತದೆ. ಸಿಕ್ಕಿದ್ದನ್ನು ಹಾಗೆಯೇ ಮೇಜಿನ ಮೇಲೆ ಹಾಕಿಸಿಬಿಟ್ಟೆ. ಪೆಟ್ಟಿಗೆಯಲ್ಲಿದ್ದ ಸಿದ್ಧ ಟ್ರ್ಯಾಕಿನ ತುಂಡುಗಳನ್ನು ಅದರ ಮೇಲೆ ಜೋಡಿಸಿ ಒಂದು ಸಂಜೆ ಆಟ ಶುರುವಾಯಿತು. ಎರಡನೆಯ ಸುತ್ತಿನಲ್ಲಿಯೇ ಹುಡುಗನ ಕಾರು ಹಾರಿ ಮೇಜಿನ ನಡುವೆ ಬಿತ್ತು. ಅವನು ಬಾಗಿ ಕೈ ಚಾಚಿದ; ನಾಲ್ಕು ಅಂಗುಲ ಸಾಲದು. ಅವನ ತಂದೆ ಓಡಿಬಂದು ಎತ್ತಿಟ್ಟರು. ಮತ್ತೆ ಬಿತ್ತು, ಮತ್ತೆ ಎತ್ತಿಟ್ಟರು. ಐದಾರು ಸಲ ಹೀಗಾದ ಮೇಲೆ ಹುಡುಗ ಕಂಟ್ರೋಲರನ್ನು ಕೆಳಗಿಟ್ಟು, "ಪ್ರತಿ ಸಲ ಅಪ್ಪಾನೇ ಎತ್ತೋದಾದ್ರೆ ಇದು ಅಪ್ಪನ ಆಟ ಅಲ್ವಾ ಮಾಮ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಮಾರನೆಯ ಭಾನುವಾರ ಅವನನ್ನು ಬರಿಯ ಮೇಜಿನ ಮುಂದೆ ಕೂರಿಸಿ, ಆಯಾಸವಿಲ್ಲದೆ ಎಷ್ಟು ದೂರ ಕೈ ಚಾಚಬಲ್ಲನೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿದೆವು. ಇಪ್ಪತ್ತು ಅಂಗುಲ. ಮಿಸ್ತ್ರಿ ದಾದಾ ಮರುಮಾತಿಲ್ಲದೆ ಗರಗಸ ತೆಗೆದು ಹಲಗೆಯ ಎರಡು ಕಡೆಯಿಂದಲೂ ನಾಲ್ಕು ನಾಲ್ಕು ಅಂಗುಲ ಕೊಯ್ದುಬಿಟ್ಟರು. ಮೇಜು ನಲವತ್ತು ಅಂಗುಲವಾಯಿತು. ಈಗ ಯಾವ ಮಗ್ಗುಲಿನಿಂದಲೂ ನಡುವಿನವರೆಗೆ ಕೈ ಎಟುಕುತ್ತದೆ. ಸದ್ಯ, ಸೀಳನ್ನು ಇನ್ನೂ ಕೊರೆದಿರಲಿಲ್ಲ.

ಎಟುಕುವ ಮೇಜಿನ ಸುತ್ತಲೂ ಕುರ್ಚಿ ಓಡಾಡಬೇಕಷ್ಟೆ. ಆ ಗ್ಯಾರೇಜು ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಮೇಜನ್ನು ಗೋಡೆಗೆ ಒರಗಿಸದೆ ನಡುವೆ ನಿಲ್ಲಿಸಿದೆವು. ಎರಡು ಮಗ್ಗುಲಿಗೂ ನಲವತ್ತು ನಲವತ್ತು ಅಂಗುಲ ದಾರಿ ಉಳಿಯಿತು. ಒಳತುದಿಯಲ್ಲಿ ನಾಲ್ಕು ಅಡಿ, ಬಾಗಿಲ ಕಡೆ ಆರು ಅಡಿ. ಗಾಲಿಕುರ್ಚಿ ಪೂರ್ತಿ ಒಂದು ಸುತ್ತು ತಿರುಗಲು ೧೫೦೦ ಮಿಲಿಮೀಟರು, ಅಂದರೆ ಸುಮಾರು ಐದು ಅಡಿ ಜಾಗ ಬೇಕೆಂಬುದು ಕಟ್ಟಡಗಳಿಗೆ ಹಾಕಿರುವ ಅಳತೆ. ಬಾಗಿಲ ಬಳಿಯ ಆರು ಅಡಿ ಅದಕ್ಕಾಗಿಯೇ.

ಮೇಜಿನ ಎತ್ತರ ಮೂವತ್ತು ಅಂಗುಲ. ಆದರೆ ಮೇಲಿನ ಎತ್ತರಕ್ಕಿಂತ ಕೆಳಗಿನ ತೆರವು ಮುಖ್ಯ. ಮೊಣಕಾಲುಗಳು ಮೇಜಿನಡಿ ಹೋಗದಿದ್ದರೆ ಇಪ್ಪತ್ತು ಅಂಗುಲದ ಕೈಚಾಚು ಹತ್ತೇ ಅಂಗುಲವಾಗಿಬಿಡುತ್ತದೆ. ನೆಲದಿಂದ ಇಪ್ಪತ್ತೇಳು ಅಂಗುಲದವರೆಗೆ ಯಾವ ಪಟ್ಟಿಯೂ ಅಡ್ಡ ಬರಬಾರದು. ಮೂಲೆಗೊಂದರಂತೆ ನಾಲ್ಕು ಕಾಲು ಕೊಟ್ಟರೆ ಕುರ್ಚಿಯ ಪಾದದ ಹಲಗೆ ತಾಗುತ್ತದೆ. ಆದ್ದರಿಂದ ನಲ್ಲಿ ಕೆಲಸದವರು ಬಳಸುವ ಜಿ.ಐ. ಪೈಪುಗಳನ್ನು ಎಂಟು ಅಂಗುಲ ಅಂತರದಲ್ಲಿ ಜೋಡಿ ಜೋಡಿಯಾಗಿ ಮೇಜಿನ ನಡುಸಾಲಿನಲ್ಲಿ ನಿಲ್ಲಿಸಿ, ತಳಕ್ಕೆ ಫ್ಲಾಂಜು ಹಾಕಿ ನೆಲಕ್ಕೆ ಬೋಲ್ಟು ಬಿಗಿದೆವು. ಪ್ರತಿ ಮಗ್ಗುಲಿನಲ್ಲೂ ಹದಿನಾರು ಅಂಗುಲ ಆಳ ಕಾಲಿಗೆ ಸಿಕ್ಕಿತು. ಇದರಿಂದ ಇನ್ನೊಂದು ಲಾಭ: ಮಳೆಗಾಲದಲ್ಲಿ ನೀರು ನುಗ್ಗಿದರೂ ಮರದ ಕಾಲು ನೆನೆದು ಉಬ್ಬುವ ಭಯವಿಲ್ಲ.

ಗ್ಯಾರೇಜಿನ ನೆಲ ಅಂಗಳಕ್ಕಿಂತ ಆರು ಅಂಗುಲ ಎತ್ತರವಿತ್ತು. ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಇರಬೇಕು; ಆರು ಅಂಗುಲ ಏರಲು ಆರು ಅಡಿ ಉದ್ದ. ಜಾಗ ಉಳಿಸಲು ಮೂರು ಅಡಿಗೆ ಮುಗಿಸಿದರೆ ಏರುವಾಗ ಕುರ್ಚಿ ಹಿಂದಕ್ಕೆ ವಾಲುತ್ತದೆ, ಹಿಂದಿನಿಂದ ಯಾರಾದರೂ ತಳ್ಳಲೇಬೇಕಾಗುತ್ತದೆ. ಇಲ್ಲಿ ಉಳಿತಾಯ ಸಲ್ಲದು.

ಸೀಳಿನ ಕೆಲಸ ಹೀಗೆ. ಮುಕ್ಕಾಲು ಅಂಗುಲದ ನೀರು ತಡೆಯುವ ಪ್ಲೈವುಡ್ಡಿನಲ್ಲಿ ರೂಟರ್ ಯಂತ್ರದಿಂದ ಸುಮಾರು ೩ ಮಿ.ಮೀ. ಅಗಲ, ೮ ಮಿ.ಮೀ. ಆಳ ಕೊರೆಯಬೇಕು. ಒಂದೇ ಸಲಕ್ಕೆ ಕೊರೆದರೆ ತೆಳುವಾದ ಬಿಟ್ಟು ಮುರಿಯುತ್ತದೆ. ಎರಡು ಸಲಕ್ಕೆ ಕೊರೆಯುವುದು ಕ್ಷೇಮ. ನೇರ ದಾರಿಗೆ ಪಟ್ಟಿಯ ಆಸರೆ. ತಿರುವಿಗೆ ನಡುವೆ ಮೊಳೆ ಹೊಡೆದು, ಕೈವಾರದಂತೆ ಪಟ್ಟಿ ಕಟ್ಟಿ ಯಂತ್ರವನ್ನು ತಿರುಗಿಸಬೇಕು. ಎರಡು ಸೀಳುಗಳ ನಡುವೆ ನಾಲ್ಕು ಅಂಗುಲ ಬಿಟ್ಟೆವು. ಹೊರಗಿನ ತಿರುವಿಗೆ ಹದಿನೆಂಟು ಅಂಗುಲ ತ್ರಿಜ್ಯ, ಒಳಗಿನದಕ್ಕೆ ಹದಿನಾಲ್ಕು. ಹೊರಗಿನ ಅಂಚಿನಲ್ಲಿ ಉಳಿದ ಎರಡು ಅಂಗುಲದಲ್ಲಿ ಕಾರಿನ ಹಿಂಭಾಗ ಜಾರಲು ಎಡೆಯಿದೆ. ಅದರಾಚೆ ಕಾರು ನೆಲಕ್ಕೆ ಬೀಳದಂತೆ ಮೇಜಿನ ಅಂಚಿಗೇ ಗಿಡ್ಡನೆಯ ರಬ್ಬರು ಪಟ್ಟಿ. ಲೆಕ್ಕ ಹಾಕಿದರೆ ಹೊರಗಿನ ಸುತ್ತು ೨೨೫ ಅಂಗುಲ, ಒಳಗಿನದು ೨೦೦. ಆದ್ದರಿಂದ ಒಂದು ಆಟ ಮುಗಿದ ಮೇಲೆ ದಾರಿ ಬದಲಾಯಿಸಿಕೊಂಡು ಇನ್ನೊಂದು ಆಟವಾಡಿ ಎರಡನ್ನೂ ಕೂಡಿಸಿ ಗೆಲುವನ್ನು ತೀರ್ಮಾನಿಸಬೇಕು.

ಬಣ್ಣ, ವಾರ್ನಿಷುಗಳನ್ನು ಸೀಳಿನ ಒಳಗೂ ಹಲಗೆಯ ಅಡಿಗೂ ಬಳಿದು ಪೂರ್ತಿ ಒಣಗಿದ ಮೇಲೆಯೇ ಸೀಳಿನ ಎರಡು ಕಡೆಗೂ ಅಂಟುಳ್ಳ ತಾಮ್ರದ ಪಟ್ಟಿ ಹಚ್ಚಬೇಕು. ನಾವು ಆತುರದಿಂದ ಆಷಾಢದ ಮಳೆಯಲ್ಲಿ ಹಚ್ಚಿದ ಪಟ್ಟಿ ಹತ್ತೇ ದಿನದಲ್ಲಿ ಎದ್ದುಬಂತು. ದೀಪಾವಳಿಯ ಮೇಲೆ ಒಣಹವೆಯಲ್ಲಿ ಹಚ್ಚಿದ್ದು ಇಂದಿಗೂ ನಿಂತಿದೆ. ಪಟ್ಟಿಯ ಜೋಡಣೆಗಳಿಗೆ ಬೆಸುಗೆ ಹಾಕಬೇಕು. ಪಟ್ಟಿ ತೆಳುವಾದ್ದರಿಂದ ದೂರದಲ್ಲಿ ವಿದ್ಯುತ್ತು ಕುಗ್ಗದಂತೆ ಎರಡು ಮೂರು ಕಡೆ ತಂತಿ ಕೊಡಬೇಕು. ಕಾರಿನಡಿಯ ಅಯಸ್ಕಾಂತ ಪೆಟ್ಟಿಗೆಯೊಡನೆ ಬರುವ ಕಬ್ಬಿಣದ ಕಂಬಿಯನ್ನು ಹಿಡಿಯುತ್ತದೆ, ತಾಮ್ರವನ್ನು ಹಿಡಿಯುವುದಿಲ್ಲ. ಹೀಗಾಗಿ ತಾಮ್ರದ ದಾರಿಯಲ್ಲಿ ಕಾರು ಬೇಗ ಜಾರುತ್ತದೆ. ನಿಧಾನವಾಗಿ ಓಡಿಸಲು ಕಲಿಯಬೇಕು. ಬೆರಳು ತಡವಾಗಿ ಚಲಿಸುವವನಿಗೆ ಈ ನಿಧಾನ ಅನುಕೂಲವೇ ಆಯಿತು.

ವಿದ್ಯುತ್ತು ಕೇವಲ ೧೨ ವೋಲ್ಟು. ಕೈಗೆ ತಾಗಿದರೆ ಅಪಾಯವಿಲ್ಲ. ಅಪಾಯವಿರುವುದು ಗೋಡೆಯ ೨೩೦ ವೋಲ್ಟಿನಲ್ಲಿ. ಅಡಾಪ್ಟರನ್ನು ನೆಲದ ಮೇಲಿಡದೆ ನೀರು ಏರದ ಎತ್ತರದಲ್ಲಿ ಗೋಡೆಗೆ ತೂಗುಹಾಕಿ, ಸೋರಿಕೆಯಾದರೆ ತಾನೇ ಕಡಿಯುವ ೩೦ ಮಿಲಿಆಂಪಿಯರಿನ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಿಂದಲೇ ಹಾಕಿಸಬೇಕು. ಪೆಟ್ರೋಲಿನ ವಾಹನವನ್ನು ಅದೇ ಕೋಣೆಯಲ್ಲಿ ಇಡಲೇಬಾರದು.

ಪೆಟ್ಟಿಗೆಯೊಡನೆ ಬಂದ ಕಂಟ್ರೋಲರಿನ ಕುದುರೆ ಒತ್ತಲು ಹುಡುಗನ ಬೆರಳಿಗೆ ಬಲ ಸಾಲದು. ಚಾಂದನಿ ಚೌಕದ ಅಂಗಡಿಗಳಲ್ಲಿ ಸಣ್ಣ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಹಲಗೆಗಳು ಅಗ್ಗಕ್ಕೆ ಸಿಗುತ್ತವೆ. ಅದರ ತಿರುಗುಗುಂಡಿಗೆ ಆರಂಗುಲದ ಮರದ ಸನ್ನೆ ಸೇರಿಸಿ, ಕೈ ಬಿಟ್ಟೊಡನೆ ಸೊನ್ನೆಗೆ ಮರಳುವಂತೆ ಸ್ಪ್ರಿಂಗು ಕಟ್ಟಿ, ತೊಡೆಯ ಮೇಲಿನ ಹಲಗೆಗೆ ಕೂರಿಸಿದೆವು. ಈಗ ಬೆರಳಲ್ಲ, ಮುಂಗೈಯೇ ಕಾರು ಓಡಿಸುತ್ತದೆ. ಒಂದು ಕೊರತೆ ಉಂಟು: ಪೆಟ್ಟಿಗೆಯ ಕಂಟ್ರೋಲರು ಕೈ ಬಿಟ್ಟಾಗ ಮೋಟಾರಿಗೆ ತಡೆಯನ್ನೂ ಹಾಕುತ್ತದೆ, ಇದು ಹಾಕುವುದಿಲ್ಲ. ನ್ಯಾಯವಾಗಲೆಂದು ಎದುರಾಳಿಗೂ ಅಂಥದೇ ಸನ್ನೆ ಕೊಟ್ಟೆವು.

ಇನ್ನೊಂದು ನಿಯಮ ಹುಡುಗನೇ ಮಾಡಿದ್ದು. ಯಾರ ಕಾರು ಬಿದ್ದರೂ ಅವನ ಮಗ್ಗುಲಲ್ಲಿರುವ ದೊಡ್ಡ ಸ್ವಿಚ್ಚನ್ನು ತಟ್ಟಿ ಇಡೀ ಆಟವನ್ನೇ ನಿಲ್ಲಿಸಬೇಕು. ಬಿದ್ದ ಕಾರನ್ನು ಅದರ ಒಡೆಯನೇ ಹೋಗಿ ಎತ್ತಿಡಬೇಕು. ಆಮೇಲೆ ಮತ್ತೆ ಶುರು. ಮೇಜಿನ ಆಚೆ ಬಿದ್ದರೆ ಅವನು ಕುರ್ಚಿಯನ್ನು ಸುತ್ತಿಸಿಕೊಂಡು ಹೋಗುತ್ತಾನೆ. ಹೊತ್ತು ಹಿಡಿಯುತ್ತದೆ. ಯಾರೂ ಓಡಿಹೋಗಿ ಸಹಾಯ ಮಾಡುವ ಹಾಗಿಲ್ಲ. ನೋಡುತ್ತ ಕೈಕಟ್ಟಿ ನಿಲ್ಲುವುದು ಅವನ ತಂದೆಗೆ ಮೊದಮೊದಲು ಬಹಳ ಕಷ್ಟವಾಯಿತು.

ಇದೆಲ್ಲ ಒಬ್ಬ ಹುಡುಗನ ಆಟಕ್ಕಾಗಿ ಇಷ್ಟೊಂದು ಖಟಾಟೋಪವೇ ಎಂದು ಕೆಲವರು ಕೇಳಿದರು. ವಿಶ್ವಸಂಸ್ಥೆಯು ೨೦೦೬ರಲ್ಲಿ ಅಂಗೀಕರಿಸಿ ನಮ್ಮ ದೇಶವು ೨೦೦೭ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಮಕ್ಕಳ ಆಟದ ಮಾತನ್ನೂ ಬಿಟ್ಟಿಲ್ಲ. ನಮ್ಮ ೨೦೧೬ರ ಕಾಯಿದೆಯಲ್ಲಿಯೂ ಮನರಂಜನೆಗೆ, ಕ್ರೀಡೆಗೆ ಬೇರೆ ಬೇರೆ ಕಲಮುಗಳಿವೆ. ಕಾಯಿದೆ ಖಾಸಗಿ ಗ್ಯಾರೇಜಿನೊಳಗೆ ಬಂದು ಅಳತೆ ತೆಗೆಯುವುದಿಲ್ಲ. ಆ ಕೆಲಸ ನಮ್ಮದು. ಕನ್ನಡನಾಡಿನಲ್ಲಿ, ಸ್ವತಃ ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿಯೇ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯನ್ನು ಆರಂಭಿಸಿದರು. ಇಲ್ಲಿ ನಮ್ಮ ಹತ್ತಿರದ ತಾರಾತಲಾದಲ್ಲಿ ೧೯೭೪ರಲ್ಲಿ ಹುಟ್ಟಿದ ಸೆರೆಬ್ರಲ್ ಪಾಲ್ಸಿ ಸಂಸ್ಥೆಯಿದೆ. ಕುಳಿತುಕೊಳ್ಳುವ ಭಂಗಿ, ಕೈಚಾಚಿನ ಅಳತೆ ಮೊದಲಾದವನ್ನು ಬಲ್ಲವರಿಂದ ಕೇಳಿ ತಿಳಿದು ಗರಗಸ ಹಿಡಿದರೆ ನನ್ನಂತೆ ಎರಡು ಸಲ ಕೊಯ್ಯಬೇಕಾಗುವುದಿಲ್ಲ.

ಕೊನೆಗೊಂದು ಮಾತು. ಮೇಜು ಸಿದ್ಧವಾದ ದಿನ ನಾನು ಹುಡುಗನಿಗೆ, "ಇನ್ನು ಒಂದು ಭಾನುವಾರ ತಾತನ ಜೊತೆ ವಾಚನಾಲಯಕ್ಕೂ ಬಾರಪ್ಪ, ಮಕ್ಕಳ ಪುಸ್ತಕ ಬಹಳ ಇವೆ" ಎಂದೆ. "ಬಂದಿದ್ದೆ ಮಾಮ, ಬಾಗಿಲಿಂದಲೇ ವಾಪಸು ಹೋದೆ" ಎಂದ. ಆ ಸಂಜೆಯೇ ಬಂದು ಅಳೆದೆ. ನಮ್ಮ ವಾಚನಾಲಯದ ಹೊಸ್ತಿಲು ನೆಲದಿಂದ ನಾಲ್ಕು ಅಂಗುಲ. ಪತ್ರಿಕೆಯ ಮೇಜಿನಡಿ ಅಡ್ಡಪಟ್ಟಿ ಇಪ್ಪತ್ತಮೂರು ಅಂಗುಲಕ್ಕೇ ಇದೆ. ನಾಲ್ಕು ಅಡಿಯ ಒಂದು ಇಳಿಜಾರು ಹಲಗೆ, ಅಡ್ಡಪಟ್ಟಿಗೆ ಹತ್ತು ನಿಮಿಷದ ಗರಗಸದ ಕೆಲಸ, ಇಷ್ಟು ಸಾಕು. ಸಮಿತಿಗೆ ಅರ್ಜಿ ಬರೆದು ಕೊಟ್ಟಿದ್ದೇನೆ. ಗ್ಯಾರೇಜಿನ ಮೇಜಿನಿಂದ ಕೊಯ್ದು ಉಳಿದ ಹಲಗೆಯ ಪಟ್ಟಿಗಳು ನನ್ನ ಬಳಿ ಭದ್ರವಾಗಿವೆ. ಇಳಿಜಾರಿನ ಅಂಚುಕಟ್ಟಿಗೆ ಅವು ಒದಗುತ್ತವೆ. ಮಿಸ್ತ್ರಿ ದಾದಾ ಒಂದು ಭಾನುವಾರ ಕೂಲಿಯಿಲ್ಲದೆ ಬರುವುದಾಗಿ ಒಪ್ಪಿದ್ದಾರೆ. ಅಂದು ಕೈಜೋಡಿಸಲು ಇಷ್ಟವಿರುವ ವಾಚಕರು ಬಾಗಿಲ ಬಳಿಯ ದಾಖಲೆ ಪುಸ್ತಕದಲ್ಲಿ ಹೆಸರು ಬರೆಯಬೇಕಾಗಿ ವಿನಂತಿ.